ಎಕ್ಸೆಲ್ ಮೊತ್ತ ನಂಬುವ ಮೊದಲು ತಾಳೆ ನೋಡಿ

ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಒಂದು ಸಂಜೆ ಎಕ್ಸೆಲ್ ಮೊತ್ತಕ್ಕೂ ತೂಕದ ಚೀಟಿಗಳಿಗೂ ತಾಳೆಯೇ ಆಗಲಿಲ್ಲ. 4.35 ಕ್ವಿಂಟಾಲ್ ಕಡಿಮೆ. ಸೂತ್ರ ಸರಿಯಿತ್ತು, ಸಾಲುಗಳೂ ಎಲ್ಲ ಇದ್ದವು. ಒಂದೊಂದೇ ಸೆಲ್ ನೋಡುತ್ತಾ ಹೋದರೆ ಒಂದರಲ್ಲಿ ಮಾತ್ರ '4.35 ಕ್ವಿಂ' ಅಂತ ಟೈಪ್ ಆಗಿತ್ತು. ಸಂಖ್ಯೆಗೆ ಅಕ್ಷರ ಅಂಟಿದರೆ ಎಕ್ಸೆಲ್ ಅದನ್ನು ಸಂಖ್ಯೆ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಸಮ್ ಸೂತ್ರ ಸುಮ್ನೆ ಅದನ್ನು ಬಿಟ್ಟು ಕೂಡುತ್ತದೆ. ಒಬ್ಬ ಬೆಳೆಗಾರರ ಅಡಿಕೆ ಅದು, ಹಾಗೆ ಕಾಣೆಯಾದರೆ ಹೇಗೆ?

ಕ್ವಿಂಟಾಲ್, ರೂಪಾಯಿ ಎಲ್ಲ ಕಾಲಂನ ತಲೆಬರಹದಲ್ಲೇ ಇರಲಿ, ಸೆಲ್‌ನಲ್ಲಿ ಬರೀ ಸಂಖ್ಯೆ. ಮಾಮೂಲಿಯಾಗಿ ಸಂಖ್ಯೆ ಬಲಕ್ಕೆ, ಅಕ್ಷರ ಎಡಕ್ಕೆ ಕೂರುತ್ತದೆ. ಅಂದ ಕಾಣಲಿ ಅಂತ ಎಲ್ಲವನ್ನೂ ಮಧ್ಯಕ್ಕೆ ತಂದರೆ ಈ ಸುಳಿವೇ ಹೋಗುತ್ತದೆ. ಹಾಳೆಯ ಕೆಳಗೆ ಎರಡು ಸೆಲ್ ಇಟ್ಟುಕೊಳ್ಳಿ: ಹೆಸರಿನ ಕಾಲಂಗೆ ಕೌಂಟ್‌ಎ, ತೂಕದ ಕಾಲಂಗೆ ಕೌಂಟ್. ಮೊದಲನೆಯದು ತುಂಬಿದ ಸೆಲ್ ಎಲ್ಲ ಎಣಿಸುತ್ತದೆ, ಎರಡನೆಯದು ಸಂಖ್ಯೆ ಮಾತ್ರ. ತಲೆಬರಹ ಬಿಟ್ಟು ಎಣಿಸಿ. 62 ಹೆಸರಿಗೆ 61 ತೂಕ ಬಂತು ಅಂದರೆ ಅಲ್ಲೇ ನಿಲ್ಲಿಸಿ ಹುಡುಕಿ.

ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳನ್ನು ಕೈಯಲ್ಲಿ ಟೈಪ್ ಮಾಡಬೇಡಿ. ಡೇಟಾ ವ್ಯಾಲಿಡೇಶನ್‌ನಲ್ಲಿ ಪಟ್ಟಿ ಹಾಕಿ ಆರಿಸಿಕೊಳ್ಳಿ. 'ಬೆಟ್ಟೆ' ಆದಮೇಲೆ ಒಂದು ಸ್ಪೇಸ್ ಬಿದ್ದರೂ, ಒಂದೊಂದು ಬಗೆಯನ್ನು ಬೇರೆಬೇರೆ ಕೂಡುವ ಸಮ್‌ಇಫ್ ಸೂತ್ರಕ್ಕೆ ಅದು ಬೇರೆಯೇ ಮಾಲು. ಆದರೆ ಬೇರೆ ಕಡೆಯಿಂದ ಪೇಸ್ಟ್ ಮಾಡಿದ್ದನ್ನು ವ್ಯಾಲಿಡೇಶನ್ ತಡೆಯುವುದಿಲ್ಲ, ನೆನಪಿರಲಿ.

ಕಮಿಷನ್ ದರವನ್ನು ಸೂತ್ರದೊಳಗೆ ಬರೆಯದೆ ಒಂದೇ ಸೆಲ್‌ನಲ್ಲಿಡಿ, ಸೂತ್ರದಲ್ಲಿ ಆ ಸೆಲ್‌ನ ಹೆಸರಿಗೆ ಎಫ್4 ಒತ್ತಿ ಡಾಲರ್ ಗುರುತು ಹಾಕಿ, ಆಗ ಸೂತ್ರವನ್ನು ಕೆಳಗೆ ಎಳೆದರೂ ಅದು ಕದಲುವುದಿಲ್ಲ.

ಸಾಲು ತಪ್ಪಿಹೋಗುವುದು ದೊಡ್ಡವರಿಗೂ ಆಗಿದೆ. ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ದೇಶಗಳ ಸಾಲದ ಬಗ್ಗೆ ಬರೆದ ಲೇಖನದ ಹಾಳೆಯಲ್ಲಿ ಸರಾಸರಿ ಸೂತ್ರ 5 ದೇಶಗಳನ್ನು ಬಿಟ್ಟುಬಿಟ್ಟಿತ್ತು. 2013ರಲ್ಲಿ ಒಬ್ಬ ವಿದ್ಯಾರ್ಥಿ ಅದೇ ಹಾಳೆ ತೆರೆದು ನೋಡಿದಾಗಲೇ ಅದು ಸಿಕ್ಕಿದ್ದು. ನಮ್ಮ ಹಾಳೆಯಲ್ಲಿ ಮೊತ್ತದ ಸೆಲ್ ಮೇಲೆ ನಿಂತು ಎಫ್2 ಒತ್ತಿದರೆ ಸಾಕು, ಸೂತ್ರ ಎಲ್ಲಿಂದ ಎಲ್ಲಿಯವರೆಗೆ ಕೂಡುತ್ತಿದೆ ಅಂತ ಬಣ್ಣದ ಚೌಕಟ್ಟು ಕಾಣುತ್ತದೆ. ಕೊನೆ ಸಾಲು ಅದರೊಳಗೆ ಇದೆಯಾ ನೋಡಿ. ಮೊತ್ತದ ಮೇಲೆ ಒಂದು ಖಾಲಿ ಸಾಲು ಬಿಟ್ಟು ಅದನ್ನೂ ಸೂತ್ರಕ್ಕೆ ಸೇರಿಸಿ, ಹೊಸ ಸಾಲನ್ನು ಯಾವಾಗಲೂ ಅದರ ಮೇಲೆ ಇನ್ಸರ್ಟ್ ಮಾಡಿ.

ಕೊನೆಗೆ ಪಕ್ಕದ ಮೇಜಿನವರನ್ನು ಕರೆಯಿರಿ. ಚೀಟಿ ಅವರು ಓದಲಿ, ಹಾಳೆ ನೀವು ನೋಡಿ. ಟೈಪ್ ಮಾಡಿದವರೇ ಎರಡನ್ನೂ ನೋಡಿದರೆ 5.3 ಅಂತ ಹಾಕಿದ್ದೂ 3.5 ಅಂತಲೇ ಓದಿಕೊಂಡು ಹೋಗುತ್ತದೆ, ಅಲ್ವಾ.