ಆಗಸ್ಟ್ 31ರ ಗೆರೆ: ಟೆಕ್ಸಾಸ್ ದಂಡೆಯಲ್ಲಿ ದೊಡ್ಡ ಬಾಸ್ ಮೀನು ಹಿಡಿಯಲು ಹೊರಟವರಿಗೆ

ಮುನಿರಾಬಾದಿನಲ್ಲಿ ನನ್ನ ರಜೆಯ ಮೂರನೆಯ ದಿನ ಅಣ್ಣನ ಮಗನ ಜೊತೆ ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಕೂತಿದ್ದೆ. ಜೂನ್ ಕೊನೆಗೆ ಅವನು ಕೆಲಸಕ್ಕೆಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಹೊರಡುತ್ತಾನೆ. ಮೊಬೈಲ್‌ನಲ್ಲಿ ಎಂಟು ಅಂಗುಲದ ಸ್ವಿಮ್‌ಬೇಟ್ (ಗಾಳಕ್ಕೆ ಕಟ್ಟುವ ಕೃತಕ ಮೀನು) ಒಂದರ ಚಿತ್ರ ತೋರಿಸಿ, "ಕಾಕಾ, ಅಲ್ಲಿ ಇಳಿದ ಕೂಡಲೇ ಇದನ್ನು ಕೊಳ್ಳುತ್ತೇನೆ. ಜುಲೈನಲ್ಲೇ ಮೀನು ಹಿಡಿಯುವ ವರ್ಷದ ಲೈಸೆನ್ಸ್ ಮಾಡಿಸಿಬಿಟ್ಟರೆ ಮುಂದಿನ ಜುಲೈವರೆಗೆ ಚಿಂತೆಯಿಲ್ಲ" ಎಂದ.

2014ರಲ್ಲಿ ನಾನೂ ಇದೇ ಮಾತನ್ನು ಇಷ್ಟೇ ನಂಬಿಕೆಯಿಂದ ಆಡಿದ್ದೆ. ಆಮೇಲೆ ಗಂಗಾವತಿಯಿಂದ, ಸಿಂಧನೂರಿನಿಂದ, ಬಳ್ಳಾರಿಯಿಂದ ಬಂದ ಹುಡುಗರ ಬಾಯಲ್ಲಿ ಮತ್ತೆ ಮತ್ತೆ ಕೇಳಿದೆ. ಪ್ರತಿ ಸಲವೂ ಯಾರದೋ ಜೇಬಿನಿಂದ ದುಡ್ಡು ಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಂಟು ಹಾಕುವುದು, ದಾರ ಸುತ್ತುವುದು, ಮೀನು ಎಳೆಯುವಾಗ ಸಡಿಲ ಬಿಡುವುದು ಇವನ್ನೆಲ್ಲ ತುಂಗಭದ್ರೆಯ ದಡದಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ನಮಗೆ ಗೊತ್ತಿಲ್ಲದಿರುವುದು ಲೈಸೆನ್ಸಿನ ಲೆಕ್ಕ.

ಟೆಕ್ಸಾಸ್‌ನಲ್ಲಿ ಮೀನುಗಾರಿಕೆ ಪರವಾನಗಿಯ ವರ್ಷ ನೀವು ಕೊಂಡ ದಿನದಿಂದ ಶುರುವಾಗುವುದಿಲ್ಲ. ಅದು ಸೆಪ್ಟೆಂಬರ್ 1ಕ್ಕೆ ಹುಟ್ಟಿ ಆಗಸ್ಟ್ 31ಕ್ಕೆ ಸಾಯುತ್ತದೆ. ನೀವು ಅಕ್ಟೋಬರ್‌ನಲ್ಲಿ ಕೊಂಡರೂ ಅಷ್ಟೇ, ಜುಲೈನಲ್ಲಿ ಕೊಂಡರೂ ಅಷ್ಟೇ, ಮುಗಿಯುವ ದಿನ ಒಂದೇ. ದರದಲ್ಲಿ ಒಂದು ಡಾಲರ್ ಕೂಡ ಕಡಿಮೆಯಾಗುವುದಿಲ್ಲ.

ನಾನು 2014ರ ಫೆಬ್ರುವರಿ ಕೊನೆಯಲ್ಲಿ ಅಲ್ಲಿಗೆ ಬಂದವನು. ಜುಲೈನಲ್ಲಿ ಅಂಗಡಿಗೆ ಹೋಗಿ ಹೊರರಾಜ್ಯದವರ ಸಿಹಿನೀರಿನ ಲೈಸೆನ್ಸಿಗೆ 58 ಡಾಲರ್ ಕೊಟ್ಟೆ. ಉದ್ದನೆಯ ಕಾಗದ ಕೈಗೆ ಬಂತು. ಮಡಚಿ ಪರ್ಸಿನಲ್ಲಿಟ್ಟೆ, ತೆರೆದು ಓದಲಿಲ್ಲ. ಸೆಪ್ಟೆಂಬರ್ ಎರಡನೆಯ ಶನಿವಾರ ಬೆಳಿಗ್ಗೆ ಡಲ್ಲಾಸ್‌ನ ಉತ್ತರಕ್ಕಿರುವ ಒಂದು ಜಲಾಶಯದ ದಂಡೆಯಲ್ಲಿ ನಿಂತಿದ್ದೆ. ಗೇಮ್ ವಾರ್ಡನ್, ಅಂದರೆ ಬೇಟೆ-ಮೀನುಗಾರಿಕೆಯ ಕಾನೂನು ನೋಡಿಕೊಳ್ಳುವ ಅಧಿಕಾರಿ, ಬಂದು ನಮಸ್ಕರಿಸಿ, ಕಾಗದ ಕೇಳಿದರು. ಹೆಮ್ಮೆಯಿಂದಲೇ ತೆಗೆದುಕೊಟ್ಟೆ. ಅವರು ಅದನ್ನು ತಿರುಗಿಸಿ ಕೆಳಗಿನ ಸಾಲಿನ ಮೇಲೆ ಹೆಬ್ಬೆರಳಿಟ್ಟು ನನಗೆ ತೋರಿಸಿದರು. ಅವಧಿ ಮುಗಿದು ಎರಡು ವಾರ ಆಗಿತ್ತು. ಒಂದು ಮೀನೂ ನನ್ನ ಬಳಿ ಇರಲಿಲ್ಲ. ಆದರೂ ದಂಡದ ಚೀಟಿ ಬಂತು. ಪರವಾನಗಿಯಿಲ್ಲದೆ ಗಾಳ ಹಾಕುವುದು ಅಲ್ಲಿ ಅಪರಾಧವೇ, ದಂಡ 25ರಿಂದ 500 ಡಾಲರ್‌ವರೆಗೆ, ಮೇಲೆ ನ್ಯಾಯಾಲಯದ ಖರ್ಚು ಬೇರೆ. ನನಗೆ ಎಲ್ಲ ಸೇರಿ 150 ಡಾಲರ್ ದಾಟಿತು, ಅರ್ಧ ದಿನದ ರಜೆಯೂ ಹೋಯಿತು.

ಆದರೆ ನನಗೆ ಹೆಚ್ಚು ನೋವಾದದ್ದು ಮನೆಗೆ ಬಂದು ಲೆಕ್ಕ ಹಾಕಿದಾಗ. ಅರ್ಜಿ ಹಾಕುವ ಮುಂಚೆ ಆರು ತಿಂಗಳಿಗಿಂತ ಹೆಚ್ಚು ಕಾಲ ನಿರಂತರವಾಗಿ ಟೆಕ್ಸಾಸ್‌ನಲ್ಲಿ ವಾಸವಿದ್ದರೆ ನೀವು ನಿವಾಸಿಗಳು, ಸಿಹಿನೀರಿನ ಲೈಸೆನ್ಸು ಬರೀ 30 ಡಾಲರ್. ಜುಲೈನಲ್ಲಿ ನನಗೆ ಐದು ತಿಂಗಳೂ ತುಂಬಿರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಆರು ದಾಟಿತ್ತು. ಎರಡು ತಿಂಗಳಲ್ಲಿ ನಾನು ನೀರಿಗೆ ಹೋದದ್ದು ಎರಡೇ ಸಲ. ಹೊರರಾಜ್ಯದವರಿಗೆ ಒಂದು ದಿನದ ಲೈಸೆನ್ಸು 16 ಡಾಲರ್‌ಗೆ ಸಿಗುತ್ತದೆ. ಎರಡು ಸಲ ಅದನ್ನು ಕೊಂಡು, ಸೆಪ್ಟೆಂಬರ್‌ನಲ್ಲಿ 30 ಕೊಟ್ಟಿದ್ದರೆ 62ಕ್ಕೆ ಮುಂದಿನ ಆಗಸ್ಟ್‌ವರೆಗೆ ನಿಶ್ಚಿಂತೆಯಿಂದ ಇರಬಹುದಿತ್ತು. ನಾನು ಕಳೆದುಕೊಂಡದ್ದು 200ಕ್ಕೂ ಮೇಲೆ.

ಇದೇ ಗೆರೆಯನ್ನು ಇನ್ನೊಂದು ಕಡೆಯಿಂದ ಎಡವಿದವರೂ ಇದ್ದಾರೆ. ಹೊಸ ವರ್ಷದ ಲೈಸೆನ್ಸು ಆಗಸ್ಟ್ ಮಧ್ಯದಲ್ಲೇ ಮಾರಾಟಕ್ಕೆ ಬರುತ್ತದೆ. ಬಳ್ಳಾರಿಯ ಒಬ್ಬ ಹೆಣ್ಣುಮಗಳು ಆಗಸ್ಟ್ 20ರ ಸುಮಾರಿಗೆ ಅದನ್ನು ಕೊಂಡು, ಮರುದಿನವೇ ಗಾಳ ಹಿಡಿದು ಹೊರಟಿದ್ದರು. ಆ ಕಾಗದಕ್ಕೆ ಜೀವ ಬರುವುದು ಸೆಪ್ಟೆಂಬರ್ 1ಕ್ಕೆ. ಪುಣ್ಯಕ್ಕೆ ಕಾರು ಹತ್ತುವ ಮೊದಲು ನನಗೆ ಫೋನ್ ಮಾಡಿದ್ದರು.

ಸಿಂಧನೂರಿನ ಹುಡುಗನೊಬ್ಬನದು ಇನ್ನೊಂದು ಬಗೆ. ಜನವರಿಯಲ್ಲಿ ಬಂದ, ಏಪ್ರಿಲ್‌ನಲ್ಲಿ ಅಲ್ಲಿನ ವಾಹನ ಚಾಲನಾ ಪರವಾನಗಿ ಸಿಕ್ಕಿತು. ಕಾರ್ಡಿನ ಮೇಲೆ ಟೆಕ್ಸಾಸ್ ಎಂದು ದಪ್ಪಕ್ಷರದಲ್ಲಿ ಬರೆದಿದೆಯಲ್ಲ, ಹಾಗಾಗಿ ತಾನು ನಿವಾಸಿ ಎಂದು ಅವನು ತಿಳಿದ. ಗಲ್ಲಾಪೆಟ್ಟಿಗೆಯವನೂ ಹಾಗೇ ತಿಳಿದು 30 ಡಾಲರ್‌ನದನ್ನೇ ಕೊಟ್ಟ. ಚಾಲನಾ ಪರವಾನಗಿಯ ವಾಸದ ನಿಯಮ ಬೇರೆ, ಮೀನಿನ ಇಲಾಖೆಯ ನಿಯಮ ಬೇರೆ. ಅರ್ಹತೆಯಿಲ್ಲದೆ ನಿವಾಸಿಯ ಲೈಸೆನ್ಸು ಕೊಂಡರೆ ತಪ್ಪು ಕೊಂಡವನದು, ಮಾರಿದವನದಲ್ಲ. ವಿದೇಶದಲ್ಲಿ ವೀಸಾದ ಮೇಲೆ ಇರುವ ನಾವು ಸರ್ಕಾರಕ್ಕೆ ಸುಳ್ಳು ಹೇಳಿದಂತೆ ಕಾಣುವ ಯಾವ ಕಾಗದವನ್ನೂ ಇಟ್ಟುಕೊಳ್ಳಬಾರದು. ದಯವಿಟ್ಟು ಈ ಒಂದು ವಿಷಯದಲ್ಲಿ ಉಡಾಫೆ ಬೇಡ.

ಕೊಂಡ ದಿನದಿಂದ ಪೂರ್ತಿ ವರ್ಷ ನಡೆಯುವ ಲೈಸೆನ್ಸೂ ಒಂದಿದೆ, 47 ಡಾಲರ್, ಸಮುದ್ರಕ್ಕೂ ಸಲ್ಲುತ್ತದೆ. ಆದರೆ ಅದು ನಿವಾಸಿಗಳಿಗೆ ಮಾತ್ರ. ಅಂದರೆ ಯಾರಿಗೆ ಅದು ನಿಜವಾಗಿ ಬೇಕೋ ಆ ಹೊಸಬರಿಗೇ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಲೈಸೆನ್ಸು ಡಿಸೆಂಬರ್ ಕೊನೆಗೆ ಮುಗಿಯುತ್ತಿತ್ತು. 2023ರಿಂದ ಕೊಂಡ ದಿನದಿಂದ 365 ದಿನ ಎಂದು ಬದಲಾಯಿಸಿದರು. ಈ ಒಂದು ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಪದ್ಧತಿಯೇ ನ್ಯಾಯವಾದದ್ದು ಎಂದು ನನ್ನ ಸ್ಪಷ್ಟ ಅಭಿಪ್ರಾಯ.

"ಹಿಡಿದು ಬಿಟ್ಟುಬಿಡುತ್ತೇನೆ, ತಿನ್ನುವುದಿಲ್ಲ, ನನಗೇಕೆ ಲೈಸೆನ್ಸು?" ಎಂದು ಕೇಳುವವರಿಗೆ ಒಂದು ಮಾತು. ಹಿಡಿಯುವ ಪ್ರಯತ್ನಕ್ಕೇ ಲೈಸೆನ್ಸು ಬೇಕು. ಫೋಟೋಕ್ಕೆಂದು ಹೆಂಡತಿ ಗಾಳದ ಕೋಲು ತೆಗೆದುಕೊಂಡು ಎರಡು ಸಲ ಗಾಳ ಎಸೆದರೆ ಅವರಿಗೂ ಬೇಕು. 17 ತುಂಬದ ಮಕ್ಕಳಿಗೆ ಬೇಡ. ಸ್ಟೇಟ್ ಪಾರ್ಕ್ (ರಾಜ್ಯ ಸರ್ಕಾರದ ಉದ್ಯಾನ) ಒಳಗಿನ ದಂಡೆಯಿಂದ ಹಿಡಿದರೆ ಯಾರಿಗೂ ಬೇಡ, ಪ್ರವೇಶ ಶುಲ್ಕ ಕೊಟ್ಟರೆ ಸಾಕು. ಡಲ್ಲಾಸ್‌ನವರಿಗೆ ರೇ ರಾಬರ್ಟ್ಸ್ ಜಲಾಶಯದ ಪಾರ್ಕು ಹತ್ತಿರ. ಆರು ತಿಂಗಳು ತುಂಬದವರು ಮೊದಲು ಅಲ್ಲಿಗೇ ಹೋಗಬೇಕು. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಲೈಸೆನ್ಸು ಇದ್ದರೆ ಯಾರ ಜಮೀನಿನ ಮೇಲಾದರೂ ನಡೆದು ನೀರಿಗೆ ಹೋಗಬಹುದು ಎಂದೂ ಅಲ್ಲ. ಇಲ್ಲಿ ನಾವು ಗದ್ದೆಯ ಬದುವಿನ ಮೇಲೆ ಹಾಯ್ದು ಕಾಲುವೆಗೆ ಇಳಿದರೆ ಗದ್ದೆಯವರು ಎಷ್ಟು ಮೀನು ಸಿಕ್ಕಿತು ಎಂದು ಕೇಳುತ್ತಾರೆ. ಟೆಕ್ಸಾಸ್‌ನ ನೆಲದ ಬಹುಪಾಲು ಖಾಸಗಿ, ಬೇಲಿ ದಾಟಿದರೆ ಪೊಲೀಸರು ಬರುತ್ತಾರೆ. ಬಡಾವಣೆಯ ಕೊಳಗಳಲ್ಲೂ ಫಲಕ ಓದಿ ಇಳಿಯಿರಿ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂದರೆ, ಲೈಸೆನ್ಸಿನ ದುಡ್ಡು ಮೀನಿಗೇ ಹೋಗುತ್ತದೆ. 1950ರ ಒಂದು ಅಮೆರಿಕ ಕೇಂದ್ರ ಸರ್ಕಾರದ ಕಾಯ್ದೆಯ ಪ್ರಕಾರ ಗಾಳ, ರೀಲುಗಳ ಮೇಲೆ ತೆರಿಗೆ ಬೀಳುತ್ತದೆ, ಅದು ರಾಜ್ಯಗಳಿಗೆ ಮೀನು ಸಂವರ್ಧನೆಗೆಂದು ಹಂಚಿಕೆಯಾಗುತ್ತದೆ. ಲೈಸೆನ್ಸಿನ ಹಣವನ್ನು ರಾಜ್ಯಗಳು ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ನಮ್ಮ ಜಲಾಶಯದಲ್ಲಿ ದಂಡೆಯ ಮೇಲೆ ಕೋಲು ಹಿಡಿದವನನ್ನು ಯಾರೂ ಮಾತನಾಡಿಸುವುದಿಲ್ಲ, ಆ ಸ್ವಾತಂತ್ರ್ಯ ನನಗೆ ಪ್ರಿಯ. ಆದರೂ ಮೀನಿನ ದೃಷ್ಟಿಯಿಂದ ನೋಡಿದರೆ ಅಲ್ಲಿಯದೇ ಒಳ್ಳೆಯದು. ದಂಡ ಕೊಟ್ಟವನಾಗಿಯೂ ಇದನ್ನು ಹೇಳುತ್ತೇನೆ.

ಇನ್ನು ನೀರಿನ ಮಾತು. ಕೊರವ ಮೀನನ್ನು ಬಲ್ಲವರಿಗೆ ಬಾಸ್ ಅಪರಿಚಿತವಲ್ಲ. ಎಡದಂಡೆ ಕಾಲುವೆಯ ಜೊಂಡಿನ ನೆರಳಲ್ಲಿ ಕೊರವ ಹೇಗೆ ಅಲುಗದೆ ನಿಂತು ಕಪ್ಪೆಗೆ ಕಾಯುತ್ತದೋ ದೊಡ್ಡ ಬಾಸ್ ಕೂಡ ಹಾಗೆಯೇ, ದಡದ ಹತ್ತಿರವೇ. ಎರಡೂ ಮೀನುಗಳಲ್ಲಿ ಗಂಡು ಮರಿಗಳಿಗೆ ಕಾವಲು ನಿಲ್ಲುತ್ತದೆ. ಹೊಸಬರ ಮೊದಲ ತಪ್ಪು, ದೋಣಿಯಿಲ್ಲವೆಂಬ ಚಿಂತೆಯಲ್ಲಿ ಬಲವಿದ್ದಷ್ಟೂ ದೂರಕ್ಕೆ, ನಡುನೀರಿಗೆ ಎಸೆಯುವುದು. ದಡಕ್ಕೆ ಸಮಾನಾಂತರವಾಗಿ ಎಸೆಯಿರಿ. ನೀರಿನಂಚಿಗೆ ಹೋಗಿ ನಿಲ್ಲಬೇಡಿ, ನಾಲ್ಕು ಹೆಜ್ಜೆ ಹಿಂದೆಯೇ ಬಗ್ಗಿ ನಿಂತು ಮೊದಲ ಎಸೆತವನ್ನು ಕಾಲ ಬುಡದ ನೀರಿಗೇ ಕೊಡಿ.

ಸ್ವಿಮ್‌ಬೇಟ್ ಎಂದರೆ ಮೀನಿನಂತೆಯೇ ಈಜುವ ದೊಡ್ಡ ಕೃತಕ ಮೀನು. ಕೆಲವು ಮೆತ್ತಗೆ, ಬಾಲ ಬಡಿಯುತ್ತ ಬರುತ್ತವೆ. ಕೆಲವು ಗಟ್ಟಿ, ನಡುವೆ ಕೀಲಿದ್ದು ಅತ್ತಿತ್ತ ಹೊರಳುತ್ತವೆ. ಟೆಕ್ಸಾಸ್‌ನ ಜಲಾಶಯಗಳಲ್ಲಿ ಬಾಸ್ ತಿನ್ನುವುದು ಹೆಚ್ಚಾಗಿ ಶಾಡ್ ಎಂಬ ಬೆಳ್ಳಿಬಣ್ಣದ ಮೀನನ್ನು. ಆದ್ದರಿಂದ ಬಿಳಿ-ಬೂದು ಬಣ್ಣದ ಆರೇಳು ಅಂಗುಲದ್ದು ಒಂದು ಸಾಕು. ಚಳಿಗಾಲದಲ್ಲಿ ಸರ್ಕಾರ ಊರಿನ ಸಣ್ಣ ಕೆರೆಗಳಿಗೆ ಟ್ರೌಟ್ ಮೀನು ಬಿಡುತ್ತದೆ, ಆಗ ಅಂಥ ಕೆರೆಗಳಲ್ಲಿ ಟ್ರೌಟ್ ಬಣ್ಣದ್ದು ಕೆಲಸ ಮಾಡುತ್ತದೆ. ಊರೊಳಗಿನ 75 ಎಕರೆ ಮೀರದ ಸಾರ್ವಜನಿಕ ಕೆರೆಗಳಲ್ಲಿ ಒಬ್ಬರಿಗೆ ಎರಡೇ ಕೋಲು. ಎರಡು-ಮೂರು ಔನ್ಸ್ ತೂಗುವ ಈ ಸ್ವಿಮ್‌ಬೇಟ್‌ಗಳನ್ನು ಸಾಧಾರಣ ಕೋಲಿನಿಂದ ಎಸೆದರೆ ಕೋಲು ಮುರಿಯುತ್ತದೆ ಅಥವಾ ದಾರ ತುಂಡಾಗಿ ಬೇಟ್ ಹಾರಿಹೋಗುತ್ತದೆ. ಏಳೂವರೆ ಅಡಿಗಿಂತ ಉದ್ದದ, ಭಾರಕ್ಕೆಂದೇ ಮಾಡಿದ ಕೋಲು, 20 ಪೌಂಡ್‌ಗೆ ಕಡಿಮೆಯಿಲ್ಲದ ದಾರ ಬೇಕು. ದಂಡೆಯಿಂದ ಎಳೆಯುವಾಗ ಬೇಟ್ ಆಳದಿಂದ ಮೇಲಕ್ಕೆ ಏರಿ ಬರುವುದರಿಂದ ಕಲ್ಲಿಗೆ ಸಿಕ್ಕಿಕೊಳ್ಳುವುದು ಹೆಚ್ಚು. ಕಲ್ಲಿನ ಜಾಗ ಗೊತ್ತಾಗುವವರೆಗೆ 40 ಡಾಲರ್‌ನದನ್ನು ಕಟ್ಟಬೇಡಿ.

ನಿಧಾನವಾಗಿ ಎಳೆಯಿರಿ. ನಿಧಾನ ಎಂದು ನಿಮಗೆ ಅನ್ನಿಸಿದ ಮೇಲೂ ಇನ್ನಷ್ಟು ನಿಧಾನವಾಗಿ. ಒಂದು ಮಾರ್ಚ್ ಬೆಳಿಗ್ಗೆ, ಗಾಳಿ ದಡಕ್ಕೆ ಬಡಿಯುತ್ತಿದ್ದಾಗ, ನನ್ನ ಬೇಟ್ ಕಾಲ ಬಳಿ ಬಂದಿತ್ತು. ಅದರ ಹಿಂದೆ ಒಂದು ಗೇಣು ದೂರದಲ್ಲಿ ಹಸಿರು-ಕಪ್ಪು ನೆರಳೊಂದು ಅದೇ ವೇಗದಲ್ಲಿ ಬರುತ್ತಿತ್ತು. ಕಣ್ಣುಗಳು ಕಂಡವು, ಕಿವಿರು ತೆರೆದು ಮುಚ್ಚುವುದು ಕಂಡಿತು. ನಾನು ಬೇಟನ್ನು ಮೇಲೆತ್ತಿಬಿಟ್ಟೆ. ನೆರಳು ಅಲ್ಲೇ ಒಂದು ಕ್ಷಣ ನಿಂತು, ರೆಕ್ಕೆ ಒಮ್ಮೆ ಆಡಿಸಿ, ಕೆಳಗಿಳಿದು ಹೋಯಿತು. ಮೇಲೆತ್ತಬಾರದಿತ್ತು. ಕೋಲಿನ ತುದಿಯನ್ನು ಪಕ್ಕಕ್ಕೆ ಒಯ್ದು ಬೇಟನ್ನು ದಡದುದ್ದಕ್ಕೆ ತಿರುಗಿಸಬೇಕಿತ್ತು. ಹಿಂಬಾಲಿಸಿ ಬಂದ ಬಾಸ್ ಆ ತಿರುವಿನಲ್ಲೇ ಬಾಯಿ ಹಾಕುವುದು. ಮರುವರ್ಷ ಅದೇ ಕಲ್ಲುಗಳ ಬಳಿ ಹೀಗೆ ತಿರುಗಿಸಿದಾಗ ಎಂಟು ಪೌಂಡ್ ದಾಟಿದ್ದು ಸಿಕ್ಕಿತು, ಮೂರೂಮುಕ್ಕಾಲು ಕಿಲೋ. ಆ ಬೆಳಗ್ಗೆ ಕೈ ನಡುಗಿದ್ದು ನೆನಪಿದೆ.

ಅಂಥ ಮೀನನ್ನು ಕೆಳದವಡೆ ಹಿಡಿದು ನೇತಾಡಿಸಬೇಡಿ, ಅದರ ತೂಕಕ್ಕೆ ದವಡೆಯೇ ಹಾಳಾಗುತ್ತದೆ. ಒದ್ದೆ ಕೈಯಿಂದ ಹೊಟ್ಟೆಗೆ ಆಸರೆ ಕೊಟ್ಟು ಅಡ್ಡಲಾಗಿ ಹಿಡಿಯಿರಿ. ಸಾಮಾನ್ಯ ನಿಯಮದಲ್ಲಿ 14 ಅಂಗುಲಕ್ಕೆ ಕಡಿಮೆಯಿದ್ದರೆ ಬಿಡಬೇಕು, ದಿನಕ್ಕೆ ಐದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಳೆಯುವಾಗ ಬಾಯಿ ಮುಚ್ಚಿಸಿ, ಬಾಲದ ಎರಡು ಎಸಳುಗಳನ್ನು ಒತ್ತಿ ಸೇರಿಸಿ. ಆದರೆ ಕೆರೆಯಿಂದ ಕೆರೆಗೆ ನಿಯಮ ಬೇರೆ. ರಾಜ್ಯದ ದಾಖಲೆಯ 18.18 ಪೌಂಡ್ ಬಾಸ್ 1992ರಲ್ಲಿ ಸಿಕ್ಕಿದ್ದು ಲೇಕ್ ಫೋರ್ಕ್‌ನಲ್ಲಿ. ಅಲ್ಲಿ 16ರಿಂದ 24 ಅಂಗುಲದವೆಲ್ಲ ನೀರಿಗೇ ಮರಳಬೇಕು. ಇಲಾಖೆಯ ಔಟ್‌ಡೋರ್ ಆ್ಯನ್ಯುಯಲ್ ಆ್ಯಪ್‌ನಲ್ಲಿ ಕೆರೆಯ ಹೆಸರು ಹಾಕಿ ನೋಡಿಕೊಂಡೇ ಮನೆ ಬಿಡಿ. 13 ಪೌಂಡ್ ದಾಟಿದ್ದು ಜನವರಿಯಿಂದ ಮಾರ್ಚ್ ಒಳಗೆ ಸಿಕ್ಕರೆ ಕೂಡಲೇ ಇಲಾಖೆಗೆ ತಿಳಿಸಿ. ಶೇರ್‌ಲಂಕರ್ ಯೋಜನೆಯವರು ಬಂದು, ಅದನ್ನು ಅಥೆನ್ಸ್ ಪಟ್ಟಣದ ತಮ್ಮ ಮೀನುಮರಿ ಕೇಂದ್ರಕ್ಕೆ ಒಯ್ದು ತಳಿಗೆ ಬಳಸುತ್ತಾರೆ. ಎಂಟು ಪೌಂಡ್ ಮೇಲಿನದನ್ನು ವರ್ಷದ ಯಾವ ದಿನ ಹಿಡಿದರೂ ದಾಖಲಿಸಿಕೊಳ್ಳುತ್ತಾರೆ.

ಅಣ್ಣನ ಮಗನಿಗೆ ಅಲ್ಲೇ ದಂಡೆಯ ಮೇಲೆ ಲೆಕ್ಕ ಹಾಕಿಕೊಟ್ಟೆ. ಜೂನ್ ಕೊನೆಗೆ ಇಳಿದರೆ ಆರು ತಿಂಗಳು ದಾಟುವುದು ಜನವರಿಯಲ್ಲಿ. ಅಲ್ಲಿಯವರೆಗೆ ಸ್ಟೇಟ್ ಪಾರ್ಕು, ತಡೆಯಲಾರದ ದಿನ 16 ಡಾಲರ್. ಜನವರಿಯಲ್ಲಿ 30 ಕೊಟ್ಟರೆ ಆಗಸ್ಟ್‌ವರೆಗೆ, 47 ಕೊಟ್ಟರೆ ಮುಂದಿನ ಜನವರಿವರೆಗೆ. ಮೊಟ್ಟೆ ಹೊತ್ತ ದೊಡ್ಡ ಹೆಣ್ಣು ಬಾಸ್‌ಗಳು ಡಲ್ಲಾಸ್ ಸುತ್ತಿನ ಕೆರೆಗಳಲ್ಲಿ ದಡದ ಕಡೆ ಸರಿಯುವುದು ಫೆಬ್ರುವರಿ-ಮಾರ್ಚ್‌ನಲ್ಲೇ.

"ಹಾಗಾದರೆ ಬೇಟನ್ನು ಈಗಲೇ ಕೊಳ್ಳುವುದು ಬೇಡವೇ, ಕಾಕಾ?"

"ಕೋಲು ಕೊಂಡು ಎಸೆಯುವುದನ್ನು ಕಲಿತುಕೋ. ಜುಲೈನ ಬಿಸಿಲಿನಲ್ಲಿ ಪಾರ್ಕಿನ ದಂಡೆಯ ಕಲ್ಲುಗಳೆಲ್ಲಿವೆ ಎಂದು ಅಗ್ಗದ ಬೇಟ್ ಹಾಕಿ ನೋಡಿಟ್ಟುಕೋ" ಎಂದೆ. ಅವನು ಮೊಬೈಲ್ ತೆಗೆದು ಜನವರಿಯ ಪುಟದಲ್ಲಿ ಗುರುತು ಹಾಕಿಕೊಂಡ. ಹಿನ್ನೀರಿನಲ್ಲಿ ಹರಿಗೋಲೊಂದು ಬಲೆ ಎತ್ತುತ್ತಿತ್ತು.