ಜೋಡಿ ತಿರುಗಾಟದ ನಗು ಮನೆಯಲ್ಲಿ ಬಾಳಬೇಕಾದರೆ

ಗಂಡ ಹೆಂಡತಿ ಇಬ್ಬರೇ ದೇಶ ಸುತ್ತಲು ಹೊರಟವರಿಗೆ ನಾನು ಮೊದಲು ಹೇಳುವುದು ಸೂಟ್‌ಕೇಸಿನ ಮಾತಲ್ಲ, ಬೀಗ ಹಾಕಿ ಹೋಗುವ ಮನೆಯ ಮಾತು. ಗ್ಯಾಸ್ ಆರಿಸಿದೆವೋ ಇಲ್ಲವೋ ಎಂಬ ಅನುಮಾನ ಒಂದು ಸಲ ತಲೆಗೆ ಹೊಕ್ಕಿತೆಂದರೆ, ಎದುರಿಗೆ ಆಲ್ಪ್ಸ್ ಪರ್ವತವೇ ನಿಂತಿದ್ದರೂ ಕಣ್ಣಿಗೆ ಕಟ್ಟುವುದು ಅಡುಗೆಮನೆಯ ಸಿಲಿಂಡರ್. ಹಾಗಾಗಿ ಹೊರಡುವ ದಿನ ಒಬ್ಬರು ರೆಗ್ಯುಲೇಟರ್ ಮುಚ್ಚಬೇಕು, ಇನ್ನೊಬ್ಬರು ಮುಟ್ಟಿ ನೋಡಿ "ಆಯ್ತು" ಅಂತ ಬಾಯಿಬಿಟ್ಟು ಹೇಳಬೇಕು. ಗೀಸರ್, ನೀರಿನ ವಾಲ್ವಿಗೂ ಹೀಗೇ. ಫ್ರಿಜ್ ಆರಿಸಿ, ಖಾಲಿ ಮಾಡಿ ಒರೆಸಿ, ಬಾಗಿಲಿಗೆ ಮಡಚಿದ ಟವೆಲ್ ಸಿಕ್ಕಿಸಿ ಸ್ವಲ್ಪ ತೆರೆದೇ ಬಿಡಿ. ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಬಚ್ಚಲ ಜಾಲರಿಯ ಮೇಲೆ ಏನಾದರೂ ಮುಚ್ಚಿಟ್ಟರೆ ಜಿರಳೆ ಮೇಲೆ ಬರುವುದಿಲ್ಲ. ತುಳಸಿಗೆ ನೀರು ಹಾಕುವ ಕೆಲಸವನ್ನು ಪಕ್ಕದ ಮನೆಯವರಿಗೆ ವಹಿಸಿ ನಿಶ್ಚಿಂತೆಯಿಂದ ಹೊರಡಿ.

ಇನ್ನು ಹೊಟ್ಟೆಯ ವಿಚಾರ. ಗಟ್ಟಿ ಅವಲಕ್ಕಿಯನ್ನು ತರಿಯಾಗಿ ಪುಡಿಮಾಡಿ, ಸಾರಿನ ಪುಡಿ, ಒಣಗಿಸಿ ಕುಟ್ಟಿದ ಹುಣಸೆ, ಬೆಲ್ಲ, ಉಪ್ಪು, ಇಂಗಿನ ಒಗ್ಗರಣೆ ಸೇರಿಸಿ ಡಬ್ಬಿಗೆ ತುಂಬಿದರೆ ಗೊಜ್ಜವಲಕ್ಕಿ ಅರ್ಧ ಆದಂತೆಯೇ. ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಊಟ. ಇದಕ್ಕೆ ಕೊಬ್ಬರಿ ಮಾತ್ರ ಹಾಕಬೇಡಿ, ಹುರಿದ ಎಳ್ಳು ಹಾಕಿ. ಕೊಬ್ಬರಿ ಬೇಗ ಕನರುತ್ತದೆ. ಬಿಡಿ ಒಣಕೊಬ್ಬರಿಯನ್ನಂತೂ, ಎಣ್ಣೆಯಂಶ ಹೆಚ್ಚಿದ್ದು ಬೆಂಕಿಗೆ ಎಡೆಯಾಗಬಹುದೆಂದು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಲಗೇಜಿಗೇ ಬಿಡುವುದಿಲ್ಲ. ದೇವಸ್ಥಾನದಲ್ಲಿ ಕೊಟ್ಟ ಗಿಟುಕನ್ನು ಮನೆಯಲ್ಲೇ ಇಟ್ಟು ಹೊರಡಿ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ತುಪ್ಪವೂ ಅದರಲ್ಲೇ ಬಂತು. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ಚಟ್ನಿಪುಡಿಯಿಂದ ಹಿಡಿದು ಎಲ್ಲ ತಿನಿಸನ್ನೂ ಆ ದೇಶದೊಳಗೆ ಹೋಗುವ ಮುಂಚೆ ತುಂಬಬೇಕಾದ ಘೋಷಣಾ ಪತ್ರದಲ್ಲಿ ಬರೆಯಿರಿ. ಬರೆದವರ ಸಾಮಾನು ನೋಡಿ ಬಿಡುತ್ತಾರೆ ಅಥವಾ ತೆಗೆದುಕೊಳ್ಳುತ್ತಾರೆ, ಅಷ್ಟೇ, ಮುಚ್ಚಿಟ್ಟವರಿಗೆ ದಂಡ.

ಮನೆಯಿಂದ ಒಯ್ಯುವ ಕರೆಂಟಿನ ಸಾಮಾನಿನ ತಳ ತಿರುಗಿಸಿ ಓದಿ. ಮೊಬೈಲ್ ಚಾರ್ಜರಿನ ಮೇಲೆ ಸಾಮಾನ್ಯವಾಗಿ 100-240 ವೋಲ್ಟ್ ಎಂದಿರುತ್ತದೆ, ಅದು ಎಲ್ಲಿಗಾದರೂ ನಡೆಯುತ್ತದೆ. ನಮ್ಮ ಕೆಟ್ಲಿ ಹಾಗಲ್ಲ. ಇಲ್ಲಿ 230 ವೋಲ್ಟ್, ಜಪಾನಿನಲ್ಲಿ ಬರೀ 100. ಹುಟ್ಟುವ ಶಾಖ ಐದರಲ್ಲಿ ಒಂದು ಪಾಲು. ಇಲ್ಲಿ ಐದು ನಿಮಿಷಕ್ಕೆ ಕುದಿಯುವ ನೀರು ಅಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. ಕ್ಯೋಟೊದಲ್ಲಿ ನಮ್ಮ ಮನೆಯವರು ಕೆಟ್ಲಿ ಸಿಕ್ಕಿಸಿ ಸ್ನಾನ, ಸಂಧ್ಯಾವಂದನೆ ಮುಗಿಸಿ ಬಂದು ಮುಚ್ಚಳ ತೆಗೆದು ನೋಡಿದರೆ ಇನ್ನೂ ಸಣ್ಣಗೆ ಹಬೆ. "ಬುಲೆಟ್ ಟ್ರೈನ್ ಊರಿಗೆ ಬಂದು ನಮ್ಮ ಕೆಟ್ಲಿ ಎತ್ತಿನಗಾಡಿ ಆಯ್ತಲ್ಲೇ" ಅಂದರು. ಅಷ್ಟರಲ್ಲಿ ನನಗೆ ಹಸಿವೂ ನಗುವೂ ಒಟ್ಟಿಗೇ. ಈಗ ಯಾವಾಗಲಾದರೂ ಅಡುಗೆ ತಡವಾದರೆ ಅವರು ಹಾಲ್‌ನಲ್ಲಿ ಕೂತು "ಕ್ಯೋಟೊನಾ?" ಅಂತ ಕೂಗುತ್ತಾರೆ. "ಹೂಂ ರೀ, ಕ್ಯೋಟೊ" ಅನ್ನುತ್ತೇನೆ. ಸಿಡುಕು ಅಲ್ಲಿಗೇ ಮುಗಿಯುತ್ತದೆ.

ಮದುವೆಯಾಗಿ ಬಹಳ ವರ್ಷ ಆದವರಿಗೆ ನಾನು ಮನಸಾರೆ ಹೇಳುವ ಸಲಹೆ ಇದೇ. ಮನೆಯಲ್ಲಿ ದಿನವೂ ಬರುವ ಸಣ್ಣ ಜಗಳಗಳಿರುತ್ತವಲ್ಲ, ಒದ್ದೆ ಟವೆಲ್, ತಡವಾದ ಕಾಫಿ, ಚಪ್ಪಲಿ, ಅವುಗಳಿಗೆ ತಿರುಗಾಟದ ಒಂದೊಂದು ನಗುವನ್ನು ಜೋಡಿಸಿಕೊಳ್ಳಿ. ಜಪಾನಿನ ಹಳೇ ಕಾಲದ ವಸತಿಗೃಹಗಳಲ್ಲಿ ಶೌಚಾಲಯಕ್ಕೆಂದೇ ಬೇರೆ ಚಪ್ಪಲಿ ಇಟ್ಟಿರುತ್ತಾರೆ, ಅದು ಅಲ್ಲಿಂದ ಈಚೆ ಬರಬಾರದು. ನಮ್ಮವರು ಅದನ್ನೇ ಹಾಕಿಕೊಂಡು ಊಟದ ಕೋಣೆಯ ಬಾಗಿಲಿಗೆ ಬಂದರು. ಮನೆ ನಡೆಸುವ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಸೊಂಟ ಬಗ್ಗಿಸಿ ವಂದಿಸಿ, ಕಾಲಿನ ಕಡೆ ತೋರಿಸಿದರು. ಇವರು ಕೈ ಮುಗಿದರು. ಅಜ್ಜಿ ಮತ್ತೆ ಬಗ್ಗಿದರು, ಇವರು ಮತ್ತೆ ಮುಗಿದರು. ಮೊದಲು ನಿಲ್ಲಿಸಲು ಇಬ್ಬರಿಗೂ ಸಂಕೋಚ. ಕೊನೆಗೆ ನಾನೇ ಹೋಗಿ ತೋಳು ಹಿಡಿದು ಎಳೆದುಕೊಂಡು ಬಂದೆ. ಈಗ ಬಚ್ಚಲ ಚಪ್ಪಲಿ ಅಡುಗೆಮನೆಗೆ ಬಂದರೆ ನಾನು ಮಾತೇ ಆಡುವುದಿಲ್ಲ, ಸೌಟು ಹಿಡಿದುಕೊಂಡೇ ಒಮ್ಮೆ ಬಗ್ಗಿ ವಂದಿಸುತ್ತೇನೆ. ಅವರು ನಗುತ್ತಾ ಹೊರಗೆ ಬಿಟ್ಟು ಬರುತ್ತಾರೆ.

ದುಡ್ಡಿಲ್ಲ ಅಂತ ಕೈ ಚೆಲ್ಲುವವರಿಗೆ ಕೊಚ್ಚಿಯ ವಿಜಯನ್ ಮತ್ತು ಮೋಹನಾ ದಂಪತಿಯ ವಿಷಯ ಹೇಳುತ್ತೇನೆ. ಚಹಾ ಅಂಗಡಿ ನಡೆಸುತ್ತಿದ್ದವರು. ದಿನಕ್ಕೆ 300 ರೂಪಾಯಿ ತಿರುಗಾಟಕ್ಕೆಂದು ಎತ್ತಿಡುತ್ತಿದ್ದರು, ಸಾಲದ್ದಕ್ಕೆ ಸಾಲ ಮಾಡಿ ಹೋಗಿಬಂದು, ಮತ್ತೆ ಅಂಗಡಿಯಲ್ಲಿ ದುಡಿದು ತೀರಿಸುತ್ತಿದ್ದರು. ಹೀಗೇ ಇಪ್ಪತ್ತಾರು ದೇಶ ನೋಡಿದರು. 2021ರಲ್ಲಿ ರಷ್ಯಾಕ್ಕೆ ಹೋಗಿಬಂದರು. ಅದೇ ನವೆಂಬರಿನಲ್ಲಿ ವಿಜಯನ್ ತೀರಿಕೊಂಡರು. ಸಾಲ ಮಾಡಿ ಎಂದು ನಾನು ಹೇಳಲಾರೆ. ಆದರೆ ದಿನದ ಲೆಕ್ಕದಲ್ಲಿ ಎತ್ತಿಡುವುದು ಚಿನ್ನದಂಥ ಪದ್ಧತಿ. ತಿಂಗಳ ಕೊನೆಗೆ ಉಳಿದದ್ದನ್ನು ಹಾಕೋಣ ಅಂದರೆ ಉಳಿಯುವುದೇ ಇಲ್ಲ. ಹಾಲಿನವನಿಗೆ ಕೊಡುವ ಹೊತ್ತಿಗೇ ಹುಂಡಿಗೂ ಹಾಕಿ.

ತಂದ ಸಾಮಾನು ಷೋಕೇಸಿಗೆ ಬೇಡ. ಇಸ್ತಾಂಬುಲ್‌ನಿಂದ ತಂದ ನಡು ಸಣ್ಣಗಿರುವ ಚಹಾ ಲೋಟದಲ್ಲಿ ನಾವು ದಿನಾ ಕಷಾಯ ಕುಡಿಯುತ್ತೇವೆ. ಒಂದು ಒಡೆಯಿತು, ಒಡೆಯಲಿ. ತೊಳೆಯುವಾಗಲೆಲ್ಲ ಅದನ್ನು ಕೊಳ್ಳಲು ನಮ್ಮವರು ಬೆರಳಲ್ಲೇ ಚೌಕಾಸಿ ಮಾಡಿದ್ದು ನೆನಪಾಗುತ್ತದೆ.

ಫೋಟೊಗಳಲ್ಲಿ ಚೆನ್ನಾಗಿ ಬಂದದ್ದನ್ನಷ್ಟೇ ಆರಿಸಿ ಪ್ರಿಂಟ್ ಹಾಕಿಸುವುದು ಎಲ್ಲರ ಅಭ್ಯಾಸ. ಕೆಟ್ಟದಾಗಿ ಬಂದದ್ದನ್ನೂ ಒಂದೆರಡು ಹಾಕಿಸಿ. ಲಂಡನ್ನಿನಲ್ಲಿ ಥೇಮ್ಸ್ ದಡದಲ್ಲಿ, ಪಾರ್ಲಿಮೆಂಟಿನ ಎದುರು ದಂಡೆಯ ಮೇಲೆ, ಬಸವಣ್ಣನವರ ಪ್ರತಿಮೆಯಿದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಅಷ್ಟು ದೂರ ಹೋಗಿ ನಮ್ಮವರನ್ನು ಕಂಡ ಸಂತೋಷಕ್ಕೆ ದಾರಿಹೋಕರೊಬ್ಬರ ಕೈಗೆ ಫೋನ್ ಕೊಟ್ಟು ನಿಂತೆವು. ಅವರು ಬಹಳ ಭಕ್ತಿಯಿಂದ ತೆಗೆದರು. ಬಸವಣ್ಣನವರು ಪೂರ್ತಿ ಬಂದಿದ್ದಾರೆ, ಕೆಳಗೆ ನಮ್ಮಿಬ್ಬರ ನೆತ್ತಿ ಮಾತ್ರ! ಆ ಫೋಟೊಗೆ ಕಟ್ಟು ಹಾಕಿಸಿ ಬಾಗಿಲ ಬಳಿ ತೂಗುಹಾಕಿದ್ದೇವೆ. ಬಂದವರೆಲ್ಲ ಇದೇನು ಅಂತ ಕೇಳುತ್ತಾರೆ, ನಾವು ಇಬ್ಬರೂ ಒಟ್ಟಿಗೇ ಹೇಳಲು ಶುರುಮಾಡುತ್ತೇವೆ.

ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್ ಇರಲಿ. ಎಡಪುಟದಲ್ಲಿ ಆ ದಿನದ ಖರ್ಚು, ಬಲಪುಟದಲ್ಲಿ ಆ ದಿನ ನಕ್ಕ ಒಂದು ಸಂಗತಿ, ಒಂದು ದಿನ ಅವರು, ಒಂದು ದಿನ ನೀವು. ಅವರು ಬರೆದದ್ದು ನಿಮ್ಮ ನೆನಪಿಗಿಂತ ಬೇರೆ ಇದ್ದರೆ ತಿದ್ದಲು ಹೋಗಬೇಡಿ, ನಿಮ್ಮದನ್ನೂ ಕೆಳಗೆ ಬರೆಯಿರಿ. ಟಿಕೆಟ್ಟು, ಹೋಟೆಲಿನ ಬಿಲ್ಲು ಅಂಟಿಸುವವರು ಇದೊಂದು ಗಮನಿಸಿ: ಮಷೀನಿನಿಂದ ಬರುವ ನುಣುಪು ಕಾಗದದ ಅಕ್ಷರ ಬಿಸಿಲಿಗೆ, ಶಾಖಕ್ಕೆ, ಪ್ಲಾಸ್ಟಿಕ್ ಕವರಿನ ಸಹವಾಸಕ್ಕೂ ಮಾಸಿಹೋಗುತ್ತದೆ. ಲ್ಯಾಮಿನೇಷನ್‌ಗೆ ಕೊಟ್ಟರಂತೂ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಊರಿಗೆ ಬಂದ ವಾರದಲ್ಲೇ ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಮೈದಾ ಅಂಟಿನಲ್ಲಿ ಅಂಟಿಸಿ. ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸಿದರೆ ಹುಳ ಬರುವುದಿಲ್ಲ. ಅದು ವಿಷ, ಮೊಮ್ಮಕ್ಕಳ ಕೈಗೆ ಸಿಗದ ಹಾಗೆ ನೀವೇ ಕಲಸಿ, ಕೈ ಚೆನ್ನಾಗಿ ತೊಳೆದುಕೊಳ್ಳಿ.