ಜಾಹೀರಾತಿನ ಕಾಟವೇ? ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ಮಾಡಿ ನೋಡಿ

"ವೈರಸ್ ಬಂದೈತ್ರಿ, ಫಾರ್ಮ್ಯಾಟ್ ಹೊಡೀಬೇಕಾಗ್ತೈತಿ." ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರ್ ರಿಪೇರಿಗೆ ಒಯ್ದವರಿಗೆ ಈ ಮಾತು ಹೊಸದಲ್ಲ. ಪರದೆಯ ಮೂಲೆಯಲ್ಲಿ ಮೇಲಿಂದ ಮೇಲೆ ಜಾಹೀರಾತು ಬರುತ್ತಿರುತ್ತದೆ. ಕ್ರೋಮ್ ತೆರೆದರೆ ಗೂಗಲ್ ಬದಲು ಹೆಸರೇ ಕೇಳಿರದ ಪೇಜ್ ಬರುತ್ತದೆ. ಗಾಬರಿಯಿಂದ ಅಂಗಡಿಗೆ ಓಡುತ್ತೇವೆ. ಅಲ್ಲಿ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಕೊಡುತ್ತಾರೆ. ಅದರ ಜೊತೆಗೆ ಮನೆಯವರ ಫೋಟೊಗಳೂ ಹೋಗಿಬಿಟ್ಟಿರುತ್ತವೆ. ಇದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಬರೀ ಜಾಹೀರಾತಿನ ಕಾಟಕ್ಕೆ ಸಾಮಾನ್ಯವಾಗಿ ಅಷ್ಟು ದೂರ ಹೋಗುವ ಅಗತ್ಯವೇ ಇರುವುದಿಲ್ಲ.

ಇದನ್ನು ಆ್ಯಡ್‌ವೇರ್ ಎನ್ನುತ್ತಾರೆ. ನಿಮ್ಮ ಪರದೆಯ ಮೇಲೆ ಜಾಹೀರಾತು ತೋರಿಸಿ ದುಡ್ಡು ಮಾಡುವುದೇ ಇದರ ಕೆಲಸ. ಯಾವುದೋ ಫ್ರೀ ಸಾಫ್ಟ್‌ವೇರ್ ಹಾಕಿಕೊಳ್ಳುವಾಗ ನಾವು ಓದದೆ ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತೇವೆ ಅಲ್ವಾ? ಆಗಲೇ ಇದು ಒಳಗೆ ಬರುವುದು. ಆ್ಯಂಟಿವೈರಸ್ ಇದ್ದರೂ ಹೇಗೆ ಬಂತು ಎಂದು ಬಹಳ ಜನ ಕೇಳುತ್ತಾರೆ. ಒಪ್ಪಿಗೆ ಕೊಟ್ಟವರು ನಾವೇ. ಹಾಗಾಗಿ ಎಷ್ಟೋ ಸಲ ಆ್ಯಂಟಿವೈರಸ್ ಅದನ್ನು ವೈರಸ್ ಎಂದು ಲೆಕ್ಕ ಹಾಕುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ಮುಖ್ಯವಾದ ಫೋಟೊ, ಕಾಗದಪತ್ರಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ. ಎಲ್ಲ ಸರಿಯಾಗುವ ತನಕ ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಮೊದಲು ನೋಟಿಫಿಕೇಶನ್ ನೋಡಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಹಳೆಯ ಪ್ರಶ್ನೆಪತ್ರಿಕೆಯ ಪಿಡಿಎಫ್ ಹುಡುಕುತ್ತಾ ಎಂತೆಂಥದೋ ಸೈಟುಗಳಿಗೆ ಹೋಗುತ್ತಾರೆ. ಒಂದೇ ಪೇಜಿನಲ್ಲಿ ನಾಲ್ಕಾರು ಡೌನ್‌ಲೋಡ್ ಬಟನ್ ಇರುತ್ತವೆ. ನಡುವೆ ಒಂದು ಸಣ್ಣ ಚೌಕ ಬರುತ್ತದೆ: ನೀವು ರೋಬೋ ಅಲ್ಲ ಎಂದು ತೋರಿಸಲು 'ಅಲೋ' ಒತ್ತಿ. ಒತ್ತಿದರೆ ಮುಗೀತು. ಪಿಡಿಎಫ್ ಬರಲಿ, ಬಿಡಲಿ, ಆ ಸೈಟಿಗೆ ನಿಮ್ಮ ಪರದೆಯ ಮೇಲೆ ಸಂದೇಶ ತೋರಿಸಲು ಅನುಮತಿ ಸಿಕ್ಕಿತು. ಆಮೇಲೆ ಸೈಟ್ ಮುಚ್ಚಿದ್ದರೂ ಕೆಳಗಿನ ಬಲಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ" ಎಂಬ ಸಂದೇಶ ಬರುತ್ತಲೇ ಇರುತ್ತದೆ. ಅಲ್ಲಿ ವೈರಸ್ಸೂ ಇಲ್ಲ, ಏನೂ ಇಲ್ಲ. ಅದು ಸುಮ್ನೆ ಹೆದರಿಸುವ ನೋಟಿಫಿಕೇಶನ್ ಅಷ್ಟೇ.

ಕ್ರೋಮ್‌ನಲ್ಲಿ ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟುಗಳ ಪಟ್ಟಿ ಅಲ್ಲೇ ಇರುತ್ತದೆ. ಗುರುತಿಲ್ಲದ ಹೆಸರುಗಳನ್ನೆಲ್ಲ ಒಂದೊಂದಾಗಿ ಬ್ಲಾಕ್ ಮಾಡಿ. ಇನ್ಮುಂದೆ ಯಾವ ಸೈಟೂ ಅನುಮತಿ ಕೇಳದಂತೆ ಮಾಡುವ ಆಯ್ಕೆಯೂ ಅಲ್ಲೇ ಇದೆ. ಎಡ್ಜ್ ಬಳಸುವವರು ಅದರ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಪರ್ಮಿಷನ್ಸ್ ನೋಡಿ. ಎಷ್ಟೋ ಮನೆಗಳಲ್ಲಿ ಕಾಟ ಇಷ್ಟಕ್ಕೇ ನಿಂತುಬಿಡುತ್ತದೆ.

ನಿಲ್ಲದಿದ್ದರೆ ಕ್ರೋಮ್‌ಗೆ ಸೇರಿಕೊಂಡ ಸಣ್ಣ ಪ್ರೋಗ್ರಾಂಗಳಾದ ಎಕ್ಸ್‌ಟೆನ್ಷನ್‌ಗಳನ್ನು ನೋಡಿ. ಪಿಡಿಎಫ್ ಕನ್ವರ್ಟರ್, ವಿಡಿಯೊ ಡೌನ್‌ಲೋಡರ್, ಕೂಪನ್ ಹುಡುಕುವಂಥವು ಇದ್ದು, ನೀವು ಹಾಕಿದ ನೆನಪಿಲ್ಲದಿದ್ದರೆ ತೆಗೆಯಿರಿ. ಕೆಲವಕ್ಕೆ ರಿಮೂವ್ ಬಟನ್ನೇ ಇರುವುದಿಲ್ಲ. ಜೊತೆಗೆ ಕ್ರೋಮ್ ಮೆನುವಿನಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್' ಎಂದೂ ಕಾಣಬಹುದು. ಆಫೀಸಿನ ಕಂಪ್ಯೂಟರ್ ಆದರೆ ಸರಿ. ಮನೆಯದರಲ್ಲಿ ಯಾವ ಆರ್ಗನೈಸೇಶನ್? ಕೆಲವು ಆ್ಯಂಟಿವೈರಸ್‌ಗಳಿಂದಲೂ ಇದು ಬರುವುದುಂಟು. ನಿಮ್ಮಲ್ಲಿ ಅಂಥದ್ದಿಲ್ಲ ಎಂದಾದರೆ ಬೇರೆ ಯಾವುದೋ ಪ್ರೋಗ್ರಾಂ ಒಳಗೆ ಕೂತಿದೆ ಎಂದೇ ಅರ್ಥ.

ಅದನ್ನು ಹಿಡಿಯಲು ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್ಸ್‌ಗೆ ಹೋಗಿ, ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿ ತೆರೆಯಿರಿ. ಹಾಕಿದ ತಾರೀಖಿನ ಪ್ರಕಾರ ಜೋಡಿಸಿ. ಕಾಟ ಶುರುವಾದ ದಿನದ ಆಸುಪಾಸು ಬಂದು ಕೂತವರು ಯಾರು ಎಂದು ಕಾಣುತ್ತದೆ. ಒಂದೇ ತಾರೀಖಿಗೆ ಗೊತ್ತಿಲ್ಲದ ಎರಡು ಮೂರು ಹೆಸರು ಕಂಡರೆ ಅವನ್ನೇ ಅನುಮಾನಿಸಿ. ತೆಗೆಯುವಾಗ ಮಾತ್ರ ಪ್ರತಿ ಸಾಲು ಓದಿ. ಇಂಥ ಪ್ರೋಗ್ರಾಂಗಳಲ್ಲಿ 'ಉಳಿಸಿಕೊಳ್ಳಿ' ಎಂಬುದಕ್ಕೆ ದೊಡ್ಡ ಹಸಿರು ಬಟನ್ ಇಟ್ಟು, 'ತೆಗೆಯಿರಿ' ಎಂಬುದನ್ನು ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇಂಟೆಲ್, ರಿಯಲ್‌ಟೆಕ್, ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ ಇವೆಲ್ಲ ಕಂಪ್ಯೂಟರಿಗೆ ಬೇಕಾದವು, ಮುಟ್ಟಬೇಡಿ.

ಎಲ್ಲ ತೆಗೆದರೂ ಕ್ರೋಮ್ ತೆರೆದ ಕೂಡಲೇ ಅದೇ ಪೇಜ್ ಬರುತ್ತಿದ್ದರೆ ಡೆಸ್ಕ್‌ಟಾಪ್‌ನಲ್ಲಿರುವ ಕ್ರೋಮ್ ಶಾರ್ಟ್‌ಕಟ್ ಮೇಲೆ ಮೌಸಿನ ಬಲಬಟನ್ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಟಾರ್ಗೆಟ್ ಎಂಬ ಉದ್ದನೆಯ ಸಾಲಿನ ಕೊನೆಗೆ ಯಾವುದೋ ವೆಬ್‌ಸೈಟಿನ ವಿಳಾಸ ಅಂಟಿಕೊಂಡಿದೆಯಾ ನೋಡಿ. ಇದ್ದರೆ ಆ ಶಾರ್ಟ್‌ಕಟ್ ಅಳಿಸಿ ಹೊಸದು ಮಾಡಿಕೊಳ್ಳಿ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಪ್ರಾಕ್ಸಿಯನ್ನೂ, ಅಂದರೆ ನೆಟ್ ಸಂಪರ್ಕವನ್ನು ಬೇರೊಂದು ಕಂಪ್ಯೂಟರಿನ ಮೂಲಕ ಹಾಯಿಸುವ ವ್ಯವಸ್ಥೆಯನ್ನೂ ನೋಡಿ. ಮನೆಯ ಕಂಪ್ಯೂಟರಿನಲ್ಲಿ ಪ್ರಾಕ್ಸಿ ಸರ್ವರ್ ಸಾಮಾನ್ಯವಾಗಿ ಆಫ್ ಇರಬೇಕು. ಕೊನೆಗೆ ಕ್ರೋಮ್ ಸೆಟ್ಟಿಂಗ್ಸ್ ರೀಸೆಟ್ ಮಾಡಿ. ಬುಕ್‌ಮಾರ್ಕು, ಸೇವ್ ಮಾಡಿದ ಪಾಸ್‌ವರ್ಡು ಹೋಗುವುದಿಲ್ಲ.

ಈಗ ಸ್ಕ್ಯಾನ್

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆ್ಯಂಟಿವೈರಸ್ ಮೊದಲೇ ಇರುತ್ತದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಸೆಕ್ಯುರಿಟಿ ತೆರೆದು ಮೊದಲು ಒಂದು ಸ್ವಿಚ್ ಹುಡುಕಿ. ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ ಒಳಗೆ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಇದೆ. ಅಲ್ಲಿ 'ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್' ಆನ್ ಮಾಡಿ, ಅದರ ಕೆಳಗಿನ ಎರಡು ಚೌಕಗಳಿಗೂ ಟಿಕ್ ಹಾಕಿ. ಆ್ಯಡ್‌ವೇರ್ ತಡೆಯಲೆಂದೇ ಇರುವುದು ಇದು. ಇದನ್ನು ನೋಡದೆ ಆ್ಯಂಟಿವೈರಸ್ ಕೆಲಸ ಮಾಡ್ತಿಲ್ಲ ಅನ್ನುವವರೇ ಜಾಸ್ತಿ.

ಆಮೇಲೆ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ನಲ್ಲಿ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ ಫುಲ್ ಸ್ಕ್ಯಾನ್ ಕೊಡಿ. ಗಂಟೆಗಟ್ಟಲೆ ಹಿಡಿಯಬಹುದು. ಕರೆಂಟ್ ಹೋಗದ ಹೊತ್ತು ನೋಡಿ ಹಚ್ಚಿ ಬಿಡಿ. ಅದು ಮುಗಿದ ಮೇಲೆ ಅಲ್ಲೇ ಇರುವ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷದ ಕೆಲಸ. ಇಷ್ಟಾದರೂ ಉಳಿದಿದ್ದರೆ ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ವಕ್ಲೀನರ್ ಇದೆ. ಫ್ರೀ ಸಿಗುತ್ತದೆ, ಇನ್‌ಸ್ಟಾಲ್ ಮಾಡಬೇಕಿಲ್ಲ. ಅವರದೇ ಸೈಟಿನಿಂದ ಮಾತ್ರ ಇಳಿಸಿಕೊಳ್ಳಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದೆ. ಅಲ್ಲೂ ಸ್ವಚ್ಛ ಮಾಡುವ ಟೂಲ್‌ಗಳು ಉಚಿತವಾಗಿ ಸಿಗುತ್ತವೆ.

ದುಡ್ಡು ಕೊಟ್ಟು ಆ್ಯಂಟಿವೈರಸ್ ತರಬೇಕಾ? ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದ್ದೇ ಕಂಪನಿಗಳು. ಬೇಕೆನಿಸಿದರೆ ತರಬಹುದು. ಓದು, ಬರಹ, ಬಿಲ್ ಕಟ್ಟುವುದು ಇಷ್ಟಕ್ಕೇ ಬಳಸುವ ಮನೆಗೆ ಡಿಫೆಂಡರ್ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ಒಟ್ಟಿಗೆ ಎರಡು ಹಾಕಬೇಡಿ. ಒಂದನ್ನೊಂದು ತಡೆದು ಕಂಪ್ಯೂಟರನ್ನು ನಿಧಾನ ಮಾಡುತ್ತವೆ. ಬೇರೆ ಆ್ಯಂಟಿವೈರಸ್ ಬಂದರೆ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ. ಅಂಗಡಿಯಲ್ಲಿ ಹಾಕಿಕೊಟ್ಟ ಆ್ಯಂಟಿವೈರಸ್ಸಿನ ಅವಧಿ ಮುಗಿದಿದ್ದರೂ ಅದನ್ನು ಹಾಗೇ ಬಿಟ್ಟಿರುತ್ತೇವೆ. ಇದು ಸರಿಯಲ್ಲ. ರಿನ್ಯೂ ಮಾಡಿ, ಇಲ್ಲವೇ ಪೂರ್ತಿ ತೆಗೆದು ಡಿಫೆಂಡರ್ ಮತ್ತೆ ಆನ್ ಆಗಿದೆಯಾ ನೋಡಿಕೊಳ್ಳಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಲು "ಆ್ಯಂಟಿವೈರಸ್ ಸ್ವಲ್ಪ ಆಫ್ ಮಾಡ್ರಿ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ತಡೆದುಕೊಳ್ಳುವಂತಿದ್ದರೆ 11ಕ್ಕೆ ಹೋಗಿ.

ಪೆನ್ ಡ್ರೈವ್ ಕಥೆ ಬೇರೆ. ಗದಗಕ್ಕೆ ಮುದ್ರಣ ಕಾಶಿ ಎಂದೇ ಹೆಸರು. ಲಗ್ನಪತ್ರಿಕೆ ಮಾಡಿಸಲು ಹೋದರೆ ಪೆನ್ ಡ್ರೈವ್ ಡಿಟಿಪಿ ಅಂಗಡಿ, ಪ್ರೆಸ್ಸು ಎಂದು ತಿರುಗಿ ಮನೆಗೆ ಬರುತ್ತದೆ. ಒಳಗಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಮೊದಲು ಡ್ರೈವನ್ನೇ ಸ್ಕ್ಯಾನ್ ಮಾಡಿ. ನಿಮ್ಮ ಫೈಲುಗಳು ಸಾಮಾನ್ಯವಾಗಿ ಅಡಗಿ ಕೂತಿರುತ್ತವೆ, ಅಳಿಸಿ ಹೋಗಿರುವುದಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಹಿಡನ್ ಐಟಮ್ಸ್'ಗೆ ಟಿಕ್ ಹಾಕಿದರೆ ಕಾಣಬಹುದು. ಅವನ್ನು ಬೇರೆಡೆ ಕಾಪಿ ಮಾಡಿಕೊಂಡ ಮೇಲೆಯೇ ಡ್ರೈವ್ ಖಾಲಿ ಮಾಡಿ.

ಕೆಂಪು ಪರದೆ, ಕೂಗುವ ದನಿ

ಒಮ್ಮೊಮ್ಮೆ ಇಡೀ ಪರದೆ ಕೆಂಪಾಗಿ, ಸೈರನ್ ಕೂಗಿ, "ಮೈಕ್ರೋಸಾಫ್ಟ್‌ಗೆ ಈ ನಂಬರಿಗೆ ಫೋನ್ ಮಾಡಿ" ಎಂದು ಬರುತ್ತದೆ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ಇದು ವಂಚಕರ ಪೇಜ್. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪೇಜುಗಳನ್ನು ರಿಸ್ಟೋರ್ ಮಾಡಲಾ ಎಂದು ಕೇಳುತ್ತದೆ, ಬೇಡ ಅನ್ನಿ.

ಮನೆಯಲ್ಲಿ ಹಿರಿಯರಿದ್ದರೆ ಈ ಒಂದು ವಿಷಯ ಇವತ್ತೇ ಕೂತು ತಿಳಿಸಿ. ಆಗಲೇ ಮನೆಯವರು ಯಾರಾದರೂ ಆ ನಂಬರಿಗೆ ಫೋನ್ ಮಾಡಿ, ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಕೊಂಡುಬಿಟ್ಟಿದ್ದರೆ ತಕ್ಷಣ ನೆಟ್ ಸಂಪರ್ಕ ಕಡಿಯಿರಿ. ಪಾಸ್‌ವರ್ಡುಗಳನ್ನು ಬೇರೆ ಮೊಬೈಲಿನಿಂದ ಬದಲಿಸಿ. ದುಡ್ಡು ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ದಾಟದಂತೆ ತಡೆಯುವ ಅವಕಾಶ ಜಾಸ್ತಿ. ಆಮೇಲೆ ಊರಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗುವಾಗ ಆ ಪರದೆಯ ಫೋಟೊ, ಫೋನ್ ಮಾಡಿದ ನಂಬರು, ಬ್ಯಾಂಕಿನ ಮೆಸೇಜು ಮೂರನ್ನೂ ಜೊತೆಗೆ ಒಯ್ಯಿರಿ.